ತಾಟು ತೊಳೆದು ಕುಡಿದವನು

ಊಟ ಮುಗಿಸಿದ ಶೇಷಾದ್ರಿ ತಾಟಿಗೆ ನೀರು ಸುರಿದುಕೊಂಡರು.

ಕೈ ತೊಳೆಯಲಿಕ್ಕೆ ಇರಬೇಕು ಎಂದುಕೊಂಡ ಪರಪ್ಪ. ಆದರೆ ಶೇಷಾದ್ರಿ ಬೆರಳಿನಿಂದ ತಾಟಿನ ಅಂಚನ್ನು ಸುತ್ತಲೂ ಸವರಿದರು. ಅಂಟಿಕೊಂಡಿದ್ದ ಅಗುಳು, ಶೇಂಗಾ ಚಟ್ನಿಯ ಹುಡಿ, ಎಣ್ಣೆಗಾಯಿಯ ಮಸಾಲೆ ಎಲ್ಲ ನೀರಿಗೆ ಬಿಟ್ಟವು. ಆಮೇಲೆ ತಾಟನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಆ ನೀರನ್ನು ಒಂದು ಹನಿ ಉಳಿಸದೆ ಕುಡಿದುಬಿಟ್ಟರು.

ಪರಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು.

ತಾಟು ಕೆಳಗಿಳಿಯಿತು. ಶೇಷಾದ್ರಿ ಕಣ್ಣು ಬಿಟ್ಟರೆ ಎದುರಿಗೆ ಬೆಳಗಾವಿ ಕ್ರೈಂ ಬ್ರಾಂಚಿನ ಸಬ್ ಇನ್ಸ್‌ಪೆಕ್ಟರ್ ತಮ್ಮನ್ನೇ ನೋಡುತ್ತಿದ್ದಾನೆ.

"ಏನು ಖಾರ ಸಾರ್ ನಿಮ್ಮ ಕಡೆ ಊಟ!" ಎಂದು ನಕ್ಕರು. "ನೀರು ಎಲ್ಲಿ ಕಂಡರೆ ಅಲ್ಲಿ ಕುಡಿಯೋ ಹಾಗಾಗುತ್ತೆ."

ಅವರ ಮಗ್ಗುಲಲ್ಲೇ ತುಂಬಿದ ತಂಬಿಗೆ ಇತ್ತು.

"ಹೌದ್ರಿ, ಖಾರ ಭಾಳ ಐತಿ," ಎಂದು ಪರಪ್ಪ ತುತ್ತನ್ನು ಬಾಯಿಗಿಟ್ಟ. ಕಣ್ಣು ಮಾತ್ರ ಹಜಾರದ ಸುತ್ತ ಓಡಾಡಿತು. ಪುಣೆಯ ಗಂಡಹೆಂಡತಿ ತಮ್ಮ ಮೊಸರಿನಲ್ಲಿ ಮುಳುಗಿದ್ದರು. ಬಡಿಸುತ್ತಿದ್ದವಳು ಒಳಗೆ ಹೋಗಿದ್ದಳು. ಕಂಬದ ಪಕ್ಕ ನಿಂತಿದ್ದ, ಈ ದೊಡ್ಡಮನೆಯ ಒಡತಿ ಸಿದ್ದಲಿಂಗವ್ವ ದೇಸಾಯಿ ಒಬ್ಬರೇ ಅದನ್ನು ನೋಡಿದವರು. ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ವಾಡೆಯ ದೇವರ ಕೋಣೆಯಿಂದ ಬಂಗಾರದ ಕರಡಿಗೆ ಕಾಣೆಯಾಗಿ, ಬಾಗಿಲು ಕಾಯುವ ದುರ್ಗಪ್ಪನನ್ನು ಠಾಣೆಗೆ ಒಯ್ದು ಆಗಲೇ ವಾರವಾಗಿತ್ತು. ಕರಡಿಗೆ ಎಂದರೆ ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಡಬ್ಬಿ. ಇದು ಸಾಮಾನ್ಯದ್ದಲ್ಲ, ಗಿಣಿಗುಡ್ಡದ ದೇಸಾಯರ ಮೂಲಪುರುಷ ಧರಿಸಿದ್ದು. ಮನೆತನದ ಗಾದಿಗೆ ಕೂರುವ ಪ್ರತಿಯೊಬ್ಬನ ಕೊರಳಿಗೂ ಬಂದದ್ದು. ಕೋಣೆಯ ಬೀಗ ಮುರಿದಿರಲಿಲ್ಲ. ಕೀಲಿಗೊಂಚಲು ಇರುವುದು ದುರ್ಗಪ್ಪನ ಸೊಂಟದಲ್ಲಿ. ಇನ್ನೇನು ಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಈ ಲೋಕಕ್ಕೆ ಹೊಸದಲ್ಲ.

ನಾಳೆ ಅವನನ್ನು ಹಿಂಡಲಗಾ ಜೈಲಿಗೆ ಸಾಗಿಸುವವರಿದ್ದರು. ಅಷ್ಟರೊಳಗೆ ನಿಜವಾದ ಕಳ್ಳ ಸಿಕ್ಕಬೇಕು. ಉಬ್ಬಸದ ಮುದುಕ, ಜೈಲಿನ ನೆಲದ ಮೇಲೆ ಒಂದು ಚಳಿಗಾಲ ಕಳೆಯುವವನಲ್ಲ. ಅವನೋ, ಕದ್ದೆ ಎನ್ನಲಿಲ್ಲ, ಕದ್ದಿಲ್ಲ ಎನ್ನಲೂ ಇಲ್ಲ. ಕೇಳಿದ್ದಕ್ಕೆಲ್ಲ ಗೋಡೆ ನೋಡಿಕೊಂಡು ಕೂತಿದ್ದ.

ಪರಪ್ಪನಿಗೆ ಅವನ ಮೇಲೆ ಅದೇ ಸಿಟ್ಟು. ಬಾಯಿ ಇದ್ದೂ ಮೂಕನಾಗುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ದೊಡವಾಡದ ಕೇರಿಯಲ್ಲಿ ಹುಟ್ಟಿ, ಬುದ್ಧನ ಪಟದ ಕೆಳಗೆ ಕಂದೀಲಿಟ್ಟುಕೊಂಡು ಓದಿ ಫೌಜದಾರನಾದವನು. ಅವನ ಅಪ್ಪ ಇಂಥ ವಾಡೆಗಳ ಹೊರಬಾಗಿಲಿನಾಚೆ ನಿಂತು ಕೂಗಿ ಮಾತಾಡಿದ್ದ. ಮಗ ಇಲ್ಲಿ ಮೇಜಿನ ಮುಂದೆ ಕೂತು ಉಣ್ಣುತ್ತಿದ್ದಾನೆ. ಮೊದಲ ದಿನ ಮಾತ್ರ ಎಲ್ಲರಿಗೂ ಹಿತ್ತಾಳೆಯ ತಾಟು ಬಂದು ಅವನೊಬ್ಬನಿಗೆ ಪತ್ರಾವಳಿ ಬಂದಿತ್ತು. "ತಾಟು ಕಡಿಮಿ ಬಿದ್ದಾವ್ರಿ," ಎಂದಿದ್ದ ಪೂಜೆಯ ಬಸಯ್ಯ, ಆಕಾಶ ನೋಡುತ್ತ. ಎರಡನೆಯ ದಿನ ಪರಪ್ಪ ತಾನೇ ಅಡುಗೆಮನೆಯ ಬಾಗಿಲಿಗೆ ಹೋಗಿ ತಾಟು ತೆಗೆದುಕೊಂಡು ಬಂದ. ಮೂರನೆಯ ದಿನ ತಾಟು ತಾನಾಗಿಯೇ ಬಂತು.

ಒಂದು ಕಾಲಕ್ಕೆ ದರ್ಬಾರು ನಡೆದ ಹಜಾರ ಇದು. ಸರ್ಕಾರ ರಾಜಧನ ನಿಲ್ಲಿಸಿದ ಮರುವರ್ಷವೇ ಸಿದ್ದಲಿಂಗವ್ವ ಹೆಬ್ಬಾಗಿಲಿಗೆ 'ಊಟ, ವಸತಿ ಇದೆ' ಎಂದು ಹಲಗೆ ಹಾಕಿಸಿದರು. ಈಗ ಪಲ್ಲಕ್ಕಿಯ ಮೇಲೆ ಅತಿಥಿಗಳ ಟ್ರಂಕು ಕೂತಿರುತ್ತವೆ. ಗೋಡೆಯ ಮೇಲಿನ ಕಾಡುಕೋಣದ ಕೊಂಬಿಗೆ ಯಾರದೋ ಒದ್ದೆ ಟವೆಲು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಈ ಆನೆ ಸತ್ತ ಮೇಲೆ ಊರವರಿಗೆಲ್ಲ ರೊಟ್ಟಿ ಬಡಿದು ಬದುಕುತ್ತಿತ್ತು.

ಪರಪ್ಪ ಕೈ ತೊಳೆದು ಬಸಯ್ಯನನ್ನು ಹುಡುಕಿಕೊಂಡು ಹೊರಟ.

* * *

"ಅಯ್ಯಾರ, ದೇವರ ಕೋಣಿ ತೆಗೀರಿ."

ಬಸಯ್ಯ ಐದು ವರ್ಷದ ಹಿಂದೆ ಈ ಮನೆಯ ಪೂಜೆಗೆ ಬಂದ ಜಂಗಮ. ಹಲಗೆ ಬಿದ್ದ ಮೇಲೆ ಮ್ಯಾನೇಜರೂ ಆಗಿದ್ದ. ಒಂದು ಕೈಯಲ್ಲಿ ವಿಭೂತಿ, ಇನ್ನೊಂದು ಕೈಯಲ್ಲಿ ಕೋಣೆಗಳ ಬಾಡಿಗೆ. ಎರಡೂ ಕೈ ಈಗ ಬೆವರುತ್ತಿದ್ದವು.

"ನಿನ್ನೆ ನೋಡಿದ್ರಲ್ರಿ, ಫೌಜದಾರ್ರ?"

"ನಿನ್ನೆ ನೋಡಿದೆ. ಇವತ್ತ ಕೇಳತೇನಿ."

ಪರಪ್ಪ ಬೂಟು ಬಿಚ್ಚಿಟ್ಟು ಹೊಸ್ತಿಲು ದಾಟಿದ. ಬಸಯ್ಯ ಏನೋ ಹೇಳಲು ಬಾಯಿ ತೆರೆದು, ಭುಜದ ಮೇಲಿನ ನಕ್ಷತ್ರ ನೋಡಿ ಮುಚ್ಚಿಕೊಂಡ.

ಬೆಳ್ಳಿಯ ಪೀಠ ಈಗಲೂ ಖಾಲಿಯಾಗಿತ್ತು.

"ಕಳುವಾದ ಮುಂಜಾನಿ ಬಾಗಲಾ ತಗದಾವ್ರು ನೀವು. ಪೀಠ ಬರಿದಿತ್ತು ಅಂತ ಹೇಳಿಕಿ ಕೊಟ್ಟೀರಿ."

"ಹೌದ್ರಿ."

"ಖರೇನ ಬರಿದಿತ್ತೇನು?"

ಬಸಯ್ಯ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ರುದ್ರಾಕ್ಷಿ ಹಿಡಿದುಕೊಂಡ.

"ದುರ್ಗಪ್ಪ ನಾಳೆ ಹಿಂಡಲಗಾಕ್ಕ ಹೊಂಟಾನ್ರಿ ಅಯ್ಯಾರ. ನೀವು ಮುಚ್ಚಿಟ್ಟ ಮಾತು ಅಂವನ ಕೊರಳಿಗೆ ಬೀಳತೈತಿ."

"ಒಂದು ಪತ್ರಿ ಇತ್ರಿ," ಎಂದ ಬಸಯ್ಯ ಸಣ್ಣ ದನಿಯಲ್ಲಿ.

"ಬಿಲ್ವಪತ್ರಿ?"

"ಹೌದ್ರಿ. ಕರಡಿಗಿ ಇಡೋ ಜಾಗಾದಾಗ, ನಟ್ಟ ನಡುವ. ಬೋರಲ ಇಟ್ಟಿದ್ರು, ನಾವು ಲಿಂಗಕ್ಕ ಏರಸ್ತೇವಲ್ಲ, ಹಂಗ. ನಾ ಅಂಜಿ ತಗದು ಒಗದೆ."

"ಅಂಜಿದ್ಯಾಕ?"

"ಈ ಮನ್ಯಾಗ ಪತ್ರಿ ಏರಸಾಂವ ನಾ ಒಬ್ಬಾಂವ. ಪತ್ರಿ ಅಂದ್ರ ಎಲ್ಲಾರೂ ನನ್ನ ಕಡೆ ಬಟ್ಟು ಮಾಡ್ತಾರಲ್ರಿ! ನಾ ಕದ್ದಿಲ್ರಿ, ನನ್ನ ಲಿಂಗದ ಆಣಿ!"

ಪರಪ್ಪ ಖಾಲಿ ಪೀಠವನ್ನು ನೋಡುತ್ತ ನಿಂತ. ಬಂಗಾರ ಕದಿಯಲು ಬಂದವನಿಗೆ ಪೀಠ ಬರಿದಾದರೆ ಏನು, ಬಿಟ್ಟರೆ ಏನು? ಇವನಿಗೆ ಹಾಗೆ ಬಿಟ್ಟು ಹೋಗಲು ಕೈ ಬಂದಿಲ್ಲ. ಬಗ್ಗಿ ಒಂದು ಎಲೆ ಇಟ್ಟಿದ್ದಾನೆ, ಇಡುವ ಕ್ರಮ ತಿಳಿದು ಇಟ್ಟಿದ್ದಾನೆ. ದುರ್ಗಪ್ಪ ಅಲ್ಲವೇ ಅಲ್ಲ. ಈ ಹೊಸ್ತಿಲು ದಾಟುವುದಿರಲಿ, ಊಟದ ಹಜಾರದ ಮೆಟ್ಟಿಲನ್ನೂ ಹುಟ್ಟಿದಾಗಿನಿಂದ ಹತ್ತಿದವನಲ್ಲ ಅವನು.

"ಮೈಸೂರಿನ ಶೇಷಾದ್ರಿ ಮುಂಜಾನಿ ಎದ್ದು ಸಂಧ್ಯಾವಂದನಿ ಮಾಡ್ತಾರೇನು?"

"ನಾ ಕಂಡಿಲ್ರಿ. ದೇಗಾಂವದ ಕಮಲನಾರಾಯಣ ಗುಡಿ ಮ್ಯಾಲ ಪುಸ್ತಕಾ ಬರಿಯಾಕ ಬಂದಾರಂತ, ದಿನಾ ಕಾಗದಾ ಹರವಿಕೊಂಡು ಕುಂದರತಾರ. ಆದ್ರ..."

"ಆದ್ರ?"

"ಸ್ನಾನಕ್ಕ ಹೋಗುವಾಗೂ ಅಂಗಿ ಬಿಚ್ಚಂಗಿಲ್ರಿ. ಗುಂಡಿ ಮ್ಯಾಲಿನ ತನಕಾ ಹಾಕಿರ್ತಾರ."

"ಅವರು ಈಗ ಊಟಾ ಮಾಡಿ, ತಾಟು ತೊಳದು ನೀರು ಕುಡದ್ರು."

ಬಸಯ್ಯನ ಕಣ್ಣು ಅಗಲವಾದವು. "ಬ್ರಾಹ್ಮಣ್ರು? ಎಂಜಲ ತಾಟಿನ ನೀರು? ಶಿವ ಶಿವಾ! ಅವರು ಪ್ರಾಣಾ ಬಿಟ್ಟಾರು, ಅದನ್ನ ಮುಟ್ಟಲಿಕ್ಕಿಲ್ರಿ. ಅದು ನಮ್ಮ ಲಿಂಗವಂತ್ರ ಮನಿ ರೀತಿ. ಲಿಂಗಕ್ಕ ತೋರಿಸಿ ಉಂಡದ್ದು ಪ್ರಸಾದ, ಒಂದು ಅಗಳೂ ಚೆಲ್ಲಬಾರದು ಅಂತ ಸಣ್ಣಂದಿರತ..."

ಅಲ್ಲಿಗೆ ಅವನ ಮಾತು ನಿಂತಿತು.

"ಹೌದ್ರಿ ಅಯ್ಯಾರ," ಎಂದ ಪರಪ್ಪ ಬೂಟು ಹಾಕಿಕೊಳ್ಳುತ್ತ, "ಸಣ್ಣಂದಿರತ, ಕೂಸಿದ್ದಾಗಿಂದ ಕಲತದ್ದು. ಹೆಸರು ಬದಲಿ ಮಾಡಬಹುದು, ಭಾಷಾ ಬದಲಿ ಮಾಡಬಹುದು. ಕೈ ತನ್ನ ರೂಢಿ ಬಿಡೂದಿಲ್ಲ."

* * *

ಸಿದ್ದಲಿಂಗವ್ವ ಮಹಡಿಯ ಪಡಸಾಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಕಿಟಕಿಯಾಚೆ ಗುಡ್ಡದ ಇಳಿಜಾರು, ಅದರಾಚೆ ಮನೋಳಿಯ ಹೊಲಗಳ ನಡುವೆ ಮಲಪ್ರಭಾ. ಇಳಿಜಾರಿನ ಅರ್ಧದಲ್ಲಿ ಮೋಟುಗೋಡೆಯೊಳಗೆ ಸುಣ್ಣ ಹೊಡೆದ ಒಂದು ಸಮಾಧಿ. ಅದರಲ್ಲಿ ಇರುವವನ ಫೋಟೋ ಸಿದ್ದಲಿಂಗವ್ವನ ತಲೆಯ ಮೇಲೆ, ಹಾರ ಹಾಕಿಕೊಂಡು ನಗುತ್ತಿತ್ತು. ಒಬ್ಬನೇ ಮಗ ರುದ್ರಪ್ಪ ದೇಸಾಯಿ, ಚೀನಾ ಯುದ್ಧದ ವರ್ಷ ಹೊಳೆಯಲ್ಲಿ ಮುಳುಗಿ ತೀರಿದವನು.

ಇವತ್ತು ಬೆಳಿಗ್ಗೆ ದುರ್ಗಪ್ಪನ ಹೆಂಡತಿ ತಾಯವ್ವ ಆ ಮೋಟುಗೋಡೆಯ ಹೊರಗೆ ನಿಂತು, ಗೋಡೆಯ ಮೇಲೆ ಒಂದು ಚೆಂಡುಹೂವಿಟ್ಟು ಕೈಮುಗಿಯುವುದನ್ನು ಪರಪ್ಪ ನೋಡಿದ್ದ. ಗಂಡನನ್ನು ಠಾಣೆಗೆ ನೂಕಿದ ಮನೆಯ ಗೋರಿಗೆ ಹೂವು! ಅವನ ಮೈ ಉರಿದುಹೋಗಿತ್ತು.

"ಕುಂಡ್ರಿ ಫೌಜದಾರ್ರ," ಎಂದರು ಸಿದ್ದಲಿಂಗವ್ವ. ಮೂರು ದಿನದಲ್ಲಿ ಮೊದಲ ಸಲ ಕುರ್ಚಿ ತೋರಿಸಿದ್ದರು.

ಪರಪ್ಪ ಕೂರಲಿಲ್ಲ.

"ಇವತ್ತಿನ ಎಣ್ಣಿಗಾಯಿ ನೀವ ಮಾಡಿದ್ರೇನ್ರಿ?"

"ಯಾರು ಹೇಳಿದ್ರು?"

"ನನ್ನ ನಾಲಿಗಿ ಹೇಳ್ತು. ಮೂರು ದಿನದಿಂದ ಇಲ್ಲೇ ಉಣ್ಣಾಕ ಹತ್ತೇನಿ."

"ಬಂದವರಿಗೆ ಚಲೋದು ಮಾಡಿ ಹಾಕಿದ್ರ ಅದೂ ಗುನ್ಹೆ ಏನು?"

"ಅಲ್ಲ. ಆದ್ರ ಬಂದಾಂವ ತಾಟು ತೊಳದು ಕುಡದಾಗ ನೀವು ಗ್ವಾಡಿ ಕಡೆ ಮಾರಿ ತಿರುವಿದ್ರಿ."

ಬತ್ತಿ ಹೊಸೆಯುವ ಬೆರಳು ನಿಂತವು.

"ಕೆಳಗ ನನ್ನ ಇಬ್ಬರು ಪೇದೆಗೋಳು ನಿಂತಾರ," ಎಂದ ಪರಪ್ಪ. ಅದು ಹಸಿ ಸುಳ್ಳು, ಪೇದೆಗಳು ಊಟಕ್ಕೆಂದು ಸವದತ್ತಿಗೆ ಹೋಗಿದ್ದರು. "ಶೇಷಾದ್ರಿ ಅನ್ನಾವ್ರ ಕೈಗೆ ಬೇಡಿ ಹಾಕಿ, ಪುಣೆ ಮಂದಿ ಮುಂದನ ಗುಡ್ಡಾ ಇಳಸತೇನಿ. ಹಾಕಸ್ಲೇನು?"

"ಬ್ಯಾಡ."

"ಯಾಕ ಬ್ಯಾಡ? ಅವರು ನಿಮಗ ಯಾರೂ ಅಲ್ಲ. ಎಂಟು ದಿನದ ಅತಿಥಿ. ಕಳ್ಳ."

"ಅಂವ ಕಳ್ಳ ಅಲ್ಲ!" ಮುದುಕಿಯ ದನಿ ಒಮ್ಮೆಲೇ ಹಜಾರಕ್ಕೆ ಕೇಳುವಷ್ಟು ಏರಿತು. "ತನ್ನದು ತಾ ತಗೊಂಡಾನ."

ಹೇಳಿದ ಮೇಲೆ ಅವರೇ ಬೆಚ್ಚಿದರು. ಮಡಿಲಿನ ಬತ್ತಿಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿದರು. ಎಲ್ಲ ಮುಗಿದ ಮೇಲೆ ತಲೆಯ ಮೇಲಿದ್ದ ಫೋಟೋ ನೋಡಿದರು.

"ಬಂದ ದಿನಾನ ಗೊತ್ತಾತು. ಗಡ್ಡಾ ಬಿಟ್ಟಾನ, ಚಸಮಾ ಹಾಕ್ಯಾನ, ಆ ಕಡೆ ಮಾತು ಕಲತಾನ. ಎಲ್ಲಾ ಸೋಗು. ಊಟಾ ಆದ ಮ್ಯಾಲ ತಾಟಿಗೆ ನೀರು ಹಾಕ್ಕೊಂಡ, ಎತ್ತಿ ಕುಡಿಯೂದರಾಗ ನನ್ನ ಕಂಡು ಕೆಳಗಿಟ್ಟ. ಅದನ್ನ ನಾನ ಕಲಿಸಿದ್ದು ಫೌಜದಾರ್ರ, ಕಿವಿ ಹಿಂಡಿ ಕಲಿಸಿದ್ದು. ನಾ ಹೆತ್ತ ಮಗಾ ನನ್ನ ಮುಂದ ಕುಂತು ಪರದೇಸಿಹಂಗ ಉಣ್ಣಾಕ ಹತ್ತಿದ್ರ ನಾ ಹೆಂಗ ಬಡಸ್ಲಿ? ಬಡಿಸಿದೆ."

"ಅವರ ಸಮಾಧಿ ಅಲ್ಲೈತಲ್ಲ?"

"ನಾನ ಮಣ್ಣು ಹಾಕೇನಿ. ಹೊಳಿಯಾಗ ಎಷ್ಟೋ ದಿನಾ ಇದ್ದ ಹೆಣಾ. ಮಾರಿ ಇರಲಿಲ್ಲ. ಅದನ್ನ ಹುಡುಕಿ ತಂದಾಂವ ದುರ್ಗಪ್ಪ. ಅಂಗಿ ನನ್ನ ಮಗಂದು, ಕೊರಳಾಗ ಅಂವನ ಬೆಳ್ಳಿ ಕರಡಿಗಿ. ಲಿಂಗಾ ಕೊರಳಾಗಿದ್ದ ಮ್ಯಾಲ ಇನ್ನೇನು ನೋಡೂದು? ನಂಬಿದೆ."

ಪರಪ್ಪನಿಗೆ ಒಂದು ಕ್ಷಣ ಅವರ ಮೇಲೆ ಮರುಕ ಬಂತು. ಅದರ ಬೆನ್ನಿಗೇ ದುರ್ಗಪ್ಪನ ಉಬ್ಬಸ ನೆನಪಾಗಿ ಮರುಕವೆಲ್ಲ ಹಾರಿಹೋಯಿತು.

"ಎಲ್ಲಾ ಗೊತ್ತಿದ್ದೂ ದುರ್ಗಪ್ಪನ್ನ ಹಿಡಕೊಟ್ರಿ."

"ನಾ ಹೆಸರು ಹೇಳಿಲ್ಲ. ಕೀಲಿ ಯಾರ ಹಂತ್ಯಾಕ ಐತಿ ಅಂತ ಕೇಳಿದ್ರು, ಹೇಳಿದೆ. ರುದ್ರಪ್ಪ ಸುರಳೀತ ಊರು ಬಿಟ್ಟ ಮ್ಯಾಲ ಕೇಸು ವಾಪಸ ತಗೊಂತಿದ್ದೆ."

"ಅಲ್ಲೀತನಕಾ ಮುದುಕಾ ನೆಲದ ಮ್ಯಾಲ ಮಲಗಿರಲಿ!"

"ನಿಮ್ಮವನಂತ ಉರಕೊಳ್ಳಾಕ ಹತ್ತೀರಿ."

"ಹೌದು, ನಮ್ಮಂವನ," ಎಂದ ಪರಪ್ಪ. "ನಿಮ್ಮವನೂ ಆಗಿದ್ದ. ಅಂವನ ಅಜ್ಜ ನಿಮ್ಮ ಬಾಗಲಾ ಕಾದ, ಅಪ್ಪ ಕಾದ, ಅಂವ ಕಾದ. ನಿಮಗ ಅದು ನೆನಪಾಗಲಿಲ್ಲ."

ಸಿದ್ದಲಿಂಗವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಅತ್ತರೋ ಇಲ್ಲವೋ, ಪರಪ್ಪ ನೋಡಲು ಹೋಗಲಿಲ್ಲ.

"ಅವ್ವಾ, ಸಾಕು."

ಬಾಗಿಲಲ್ಲಿ ಶೇಷಾದ್ರಿ ನಿಂತಿದ್ದರು. ಮೈಸೂರು ಮಾತು ಕನ್ನಡಕದ ಜೊತೆಗೇ ಕೆಳಗಿಳಿದಿತ್ತು. ಅಂಗಿಯ ಗುಂಡಿ ಬಿಚ್ಚಿತ್ತು. ಎದೆಯ ಮೇಲೆ, ಹೊಸ ಕೆಂಪು ದಾರದಲ್ಲಿ, ಬಂಗಾರದ ಕರಡಿಗೆ.

"ಹನ್ನೆರಡು ವರ್ಷ ಈ ಕೊರಳು ಬರಿದಿತ್ರಿ ಫೌಜದಾರ್ರ," ಎಂದ ರುದ್ರಪ್ಪ ದೇಸಾಯಿ. "ಹೋಟೆಲಿನ್ಯಾಗ ಉಂಡೆ, ಛತ್ರದಾಗ ಉಂಡೆ. ಲಿಂಗಾ ಇಲ್ಲದ ಉಂಡದ್ದೆಲ್ಲಾ ಬರೇ 'ಕೂಳು' ಅಂತ ಅವ್ವಾ ಅಂತಿದ್ಲು. ಹಂಗ ಅನಸ್ತು. ಬಂಗಾರದ ಆಶಾಕ್ಕ ತಗೊಂಡಿಲ್ರಿ. ಇದನ್ನ ಹಾಕ್ಕೊಂಡು ಅವ್ವನ ಕೈಲೆ ಒಂದೆರಡು ದಿನಾ ಉಂಡು, ತಿರುಗಿ ಇಟ್ಟು ಹೋಗಾಂವ ಇದ್ದೆ. ಅಷ್ಟರಾಗ ಬಸಯ್ಯ ಬಾಗಲಾ ತಗದು ಒದರಿದ."

"ಕೀಲಿ?"

"ದುರ್ಗಪ್ಪ ಕೊಟ್ಟ. ಗೇಟಿನ್ಯಾಗ ಟ್ರಂಕು ಇಳಿಸೂಮುಂದನ ಗುರ್ತ ಹಿಡದ. ಒಂದ ಮಾತು ಆಡಲಿಲ್ಲ. ನಾ ಅಂಗಳದಾಗಿಂದ ದೇವರ ಕೋಣಿ ಬಾಗಲಾ ನೋಡಿಕೋತ ನಿಂತಾಗ ಬಂದು, ಕೈಯಾಗ ಕೀಲಿ ಇಟ್ಟು ಹ್ವಾದ."

"ಅಂವ ನಿಮ್ಮ ಸಲುವಾಗಿ ಬಾಯಿ ಮುಚಗೊಂಡು ಒಳಗ ಕುಂತಾನ. ನೀವಿಲ್ಲಿ ಎಣ್ಣಿಗಾಯಿ ಉಣ್ಣಾಕ ಹತ್ತೀರಿ!"

ರುದ್ರಪ್ಪ ತಲೆ ತಗ್ಗಿಸಿದ. ಇಷ್ಟು ದೊಡ್ಡ ಗಂಡಸು ಸಾಲೆಯ ಹುಡುಗನ ಹಾಗೆ ನಿಂತಿದ್ದ.

"ರುದ್ರಾ," ಎಂದರು ಸಿದ್ದಲಿಂಗವ್ವ. ಎಂಟು ದಿನದಿಂದ ಕೇಳಲಾರದೆ ನುಂಗಿಕೊಂಡಿದ್ದ ಮಾತು ಈಗ ಹೊರಗೆ ಬಂತು. "ನಿನ್ನ ಕರಡಿಗಿ ಆ ಹೆಣದ ಕೊರಳಾಗ ಹೆಂಗ ಬಂತೋ?"

ಮಗ ಕಿಟಕಿಯಾಚೆ ನೋಡಿದ. ಸುಣ್ಣದ ಸಮಾಧಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಅದನ್ನ ದುರ್ಗಪ್ಪನ್ನ ಕೇಳ್ರಿ," ಎಂದ. "ನಾ ಹೇಳಾಕ ಬರೂದಿಲ್ಲ. ಅಂವಗ ಆಣಿ ಮಾಡೇನಿ."

* * *

ಆ ಮಾತಿನ ಹಿಂದೆ ಬೀಳಬೇಕಿತ್ತು. ಬೇರೆ ಯಾರೇ ಆಗಿದ್ದರೂ ಬಾಗಿಲು ಹಾಕಿಕೊಂಡು ರುದ್ರಪ್ಪನನ್ನು ಹಿಂಡುತ್ತಿದ್ದರು. ಪರಪ್ಪನಿಗೆ ಕಾಲು ನಿಲ್ಲಲಿಲ್ಲ. ಕಳ್ಳ ಸಿಕ್ಕಿದ್ದ, ಕರಡಿಗೆ ಸಿಕ್ಕಿತ್ತು, ದುರ್ಗಪ್ಪ ಬಿಡುಗಡೆ. ಹೇಳಿಕೆ ಆಮೇಲೆ ಬರೆದುಕೊಂಡರಾಯಿತು. ಬಸಯ್ಯನನ್ನು ಬಾಗಿಲಿಗೆ ನಿಲ್ಲಿಸಿ, ಯಾರನ್ನೂ ಹೊರಗೆ ಬಿಡಬೇಡಿ ಎಂದು ಹೇಳಿ, ಮೆಟ್ಟಿಲು ಇಳಿದು ಹೊರಟೇಬಿಟ್ಟ. ಪೊಲೀಸನ ಬಾಯಿಂದ ಒಳ್ಳೆಯ ಸುದ್ದಿ ಹೊರಡುವುದು ಅಪರೂಪ. ಸಿಕ್ಕ ಒಂದನ್ನು ಬಿಸಿಯಾಗಿರುವಾಗಲೇ ಕೊಡುವ ಆಸೆ ಅವನಿಗೆ.

ತಾಯವ್ವ ಹೆಬ್ಬಾಗಿಲಿನ ಗೂಡುಮನೆಯ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡ ಒಳಗಾದ ಮೇಲೆ ಬಾಗಿಲು ಕಾಯುವುದೂ ಅವಳದೇ ಕೆಲಸವಾಗಿತ್ತು.

"ಅಕ್ಕಾ," ಎಂದ ಪರಪ್ಪ ಏದುಸಿರು ಬಿಡುತ್ತ. "ದುರ್ಗಪ್ಪಣ್ಣ ಇವತ್ತ ಸಂಜೀಕ ಮನಿಗೆ ಬರ್ತಾನ."

ಮೊರ ನಿಂತಿತು. "ಹೌದ್ರೇನು ಸಾಹೇಬ್ರ? ಖರೇನ?" ಎದ್ದು ನಿಂತಳು, ಸೆರಗಿನಲ್ಲಿ ಕೈ ಒರೆಸಿಕೊಂಡಳು, ಎಲ್ಲಿಗೋ ಹೊರಟವಳ ಹಾಗೆ ಎರಡು ಹೆಜ್ಜೆ ಇಟ್ಟು ಮತ್ತೆ ನಿಂತಳು. "ಅಂವಗ ಬಿಸಿನೀರು ಕಾಸಬೇಕು. ಎದಿಗೆ ಎಣ್ಣಿ ತಿಕ್ಕಬೇಕು. ಕದ್ದಾಂವ ಸಿಕ್ಕನೇನ್ರಿ?"

"ಸಿಕ್ಕ. ನಿಮ್ಮ ಸಣ್ಣ ಧಣಿ. ರುದ್ರಪ್ಪ ದೇಸಾಯಿ ಬದುಕ್ಯಾರ, ಅಕ್ಕಾ! ಆ ಮೈಸೂರಾವ್ರ ಅವರು."

ತಾಯವ್ವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಬಂದಿದ್ದ ಸಂತೋಷ ಮಾತ್ರ ಇಳಿಯುತ್ತ ಹೋಯಿತು.

"ಬರಕೊಂಡ್ರೇನ್ರಿ? ಕಾಗದದಾಗ?"

"ಇನ್ನೂ ಇಲ್ಲ. ಈಗ ಬರೀತೇನಿ."

"ಬರೀಬ್ಯಾಡ್ರಿ."

"ಏನಂದಿ?"

"ಕೈಮುಗಿತೇನಿ ಸಾಹೇಬ್ರ, ಬರೀಬ್ಯಾಡ್ರಿ. ಕಳವಿನ ಕೇಸ ಇರ್ಲಿ ಬಿಡ್ರಿ. ಅಂವ ಕದ್ದಾನ ಅಂತ ನಾ ಬೇಕಾರ ಸಾಕ್ಷಿ ಹೇಳತೇನಿ. ವರ್ಷೊಪ್ಪತ್ತು ಒಳಗಿದ್ದು ಬರ್ತಾನ, ಬರೂತನಕಾ ಕಾಯತೇನಿ."

ಪರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಧಣಿ ಮಾನಾ ಉಳಸಾಕ ನಿನ್ನ ಗಂಡನ್ನ ಜೇಲಿಗೆ ಕಳಸ್ತಿಯೇನು? ಏನು ಮಂದಿ ಅದೀರಿ ನೀವು! ಮುಂಜಾನೇನೂ ನೋಡೇನಿ, ಅವರ ಗೋರಿಗೆ ಹೂವಾ ಇಟ್ಟು ಕೈಮುಗಿಯೂದು!"

"ಧಣಿ ಸಲುವಾಗಿ ಅಲ್ರಿ," ಎಂದಳು ತಾಯವ್ವ. "ಸಣ್ಣ ಧಣಿ ಬದುಕ್ಯಾರ ಅಂತ ನೀವು ಬರದ್ರ, ಸರ್ಕಾರದವ್ರು ಸಮಾಧಿ ಅಗಸ್ತಾರ. ಒಳಗ ಯಾಂವ ಅದಾನ ಅಂತ ಕೇಳತಾರ."

ಮಹಡಿಯ ಮೇಲೆ ಹಿಂದೆ ಬಿಟ್ಟು ಬಂದಿದ್ದ ಪ್ರಶ್ನೆ ಮೆಟ್ಟಿಲು ಇಳಿದು ಇಲ್ಲಿಗೇ ಬಂದಿತ್ತು.

"ಯಾಂವ ಅದಾನ ಅಕ್ಕಾ, ಅಲ್ಲಿ?"

ಅವಳು ಸಮಾಧಿಯ ಕಡೆ ನೋಡಿದಳು. ಮೋಟುಗೋಡೆಯ ಮೇಲೆ ಬೆಳಗಿನ ಚೆಂಡುಹೂವು ಇನ್ನೂ ಇತ್ತು.

"ನನ್ನ ತಮ್ಮ ಅದಾನ್ರಿ. ಹನುಮಪ್ಪ."

ಪರಪ್ಪ ಜೋಳದ ಮೊರದ ಪಕ್ಕ, ಬರಿ ನೆಲದ ಮೇಲೆ ಕೂತುಬಿಟ್ಟ.

"ಸ್ವಾಮಿಗೋಳು ಬಂದು ಅಂವನ ತಲಿ ಮ್ಯಾಲ ಪಾದಾ ಇಟ್ರು. ಎಡಗೈಯಾಗ ಲಿಂಗಾ ಕೊಟ್ಟು ಕುಂಡರಿಸಿ ಮಣ್ಣು ಹಾಕಿದ್ರು. ಧಣ್ಯಾರು ವರ್ಷಾ ವರ್ಷಾ ಬಂದು ಪೂಜಿ ಮಾಡ್ತಾರ, ಎಡಿ ಹಿಡೀತಾರ. ನಮ್ಮ ಕೇರಿ ಹುಡುಗಗ," ಎಂದಳು. "ಅವತ್ತ ನಾ ಎಲ್ಲಾರ ಜೋಡಿ ನಿಂತು, ಸಣ್ಣ ಧಣಿ ಹ್ವಾದ್ರು ಅಂತ ಅತ್ತೆ. ನನ್ನ ತಮ್ಮನ ಹೆಸರು ಹಿಡದು ಅಳಾಕ ಆಗಲಿಲ್ರಿ. ಹನುಮಪ್ಪ ಮುಂಬೈ ಗಿರಣಿಗೆ ಹೋಗ್ಯಾನ ಅಂತ ಊರಿಗೆ ಹೇಳೇವಿ. ದಿನಾ ಹೂವಾ ಒಯ್ತೇನಿ, ಗ್ವಾಡಿ ಹೊರಗ ಇಟ್ಟು ಬರ್ತೇನಿ. ನಮಗ ಒಳಗ ಬಿಡಂಗಿಲ್ಲಲ್ರಿ."

ಪರಪ್ಪನಿಗೆ ಬೆಳಗಿನ ತನ್ನ ಸಿಟ್ಟು ನೆನಪಾಗಿ ನಾಚಿಕೆಯಾಯಿತು. ಕೇಳಲೇಬೇಕಾದ್ದನ್ನು ಕೊನೆಗೂ ಕೇಳಿದ, ಪೊಲೀಸನ ದನಿಯಲ್ಲಿ ಅಲ್ಲ.

"ಹನುಮಪ್ಪ ಹೊಳಿಯಾಗ ಮುಳುಗಿ ಸತ್ತನೇನು ಅಕ್ಕಾ?"

ತಾಯವ್ವ ಇಲ್ಲ ಎಂದು ತಲೆಯಾಡಿಸಿದಳು.

"ಮತ್ತ ಹೆಂಗ?"

ಅವಳು ಕೆಳಗೆ ಕೂತು, ಮೊರವನ್ನು ಮಡಿಲಿಗೆ ಎಳೆದುಕೊಂಡು, ಜೋಳದೊಳಗಿನ ಹರಳು ಹುಡುಕತೊಡಗಿದಳು.

"ಅದನ್ನ ಹೇಳಿದ್ರ," ಎಂದಳು ತಲೆ ಎತ್ತದೆ, "ಕಳವಿನ ಕೇಸು ಖೂನಿ ಕೇಸ ಆಗತೈತಿ. ನನ್ನ ಗಂಡ ಎಂದೂ ಮನಿಗೆ ಬರೂದಿಲ್ರಿ."